ಲೆಕ್ಕಕ್ಕೆ ಸಿಗದ ತುತ್ತು

ಕಳೆದ ವರ್ಷ ಯುಗಾದಿಗೆ ಹತ್ತು ದಿನ ಇರುವಾಗ ನಾಲ್ಕು ರೇಷ್ಮೆ ರವಿಕೆಗಳನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಬೀದಿಯ ದರ್ಜಿಯ ಅಂಗಡಿಗೆ ಹೋಗಿದ್ದೆ. ಹದಿನೆಂಟು ವರ್ಷಗಳಿಂದ ನನ್ನ ರವಿಕೆಗಳನ್ನು ಹೊಲಿಯುತ್ತಿರುವವರು ಅವರೇ. ರವಿಕೆಯ ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು, ಸಾಲಾಗಿ ಮೂರು ಹೊಲಿಗೆ ಹಾಕುವುದು ಅವರ ಪದ್ಧತಿ. ಮೈ ಬಂದ ಹಾಗೆ ಒಂದೊಂದನ್ನೇ ಬಿಚ್ಚಿಸಿಕೊಳ್ಳಬಹುದು. ಮೊದಲನೆಯ ಹೊಲಿಗೆಯನ್ನು ಮಗ ಹುಟ್ಟಿದ ಮೇಲೆ ಬಿಚ್ಚಿಸಿದ್ದೆ. ಎರಡನೆಯದು ನಲವತ್ತೆರಡರ ಹೊತ್ತಿಗೆ ಹೋಯಿತು. ಅಂದು ಅವರು ರವಿಕೆಯನ್ನು ಒಳಮೈ ಹೊರಗೆ ಮಾಡಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಹಿಂದೆ ಬಿಚ್ಚಿದ ಎರಡು ಹೊಲಿಗೆಗಳ ಜಾಗದಲ್ಲಿ ಸೂಜಿಯ ತೂತುಗಳು ಎರಡು ಸಾಲಾಗಿ ಇನ್ನೂ ಕಾಣುತ್ತಿದ್ದವು. ಮೂರನೆಯ ಹೊಲಿಗೆ ಬಟ್ಟೆಯ ಅಂಚಿನಲ್ಲೇ ಇತ್ತು. "ಅಕ್ಕ, ಇನ್ನು ಬಿಚ್ಚುವುದಕ್ಕೆ ಜಾಗವಿಲ್ಲ. ಅಂಚಿಗೆ ಬಂದುಬಿಟ್ಟಿದ್ದೇವೆ" ಎಂದರು. ತಮ್ಮನ್ನೂ ಸೇರಿಸಿಕೊಂಡು ಹೇಳಿದ ಆ ಮಾತಿನಲ್ಲಿ ಇದ್ದ ಮರ್ಯಾದೆಯನ್ನು ನಾನು ಮರೆತಿಲ್ಲ.

ಹೊಸ ಅಳತೆ ತೆಗೆದುಕೊಂಡರು. ಅವರ ಬಳಿ ರಟ್ಟಿನ ಹೊದಿಕೆಯ ಹಳೆಯ ಪುಸ್ತಕವೊಂದಿದೆ. ಅದರಲ್ಲಿ ನನ್ನ ಪುಟದಲ್ಲಿ ಹಳೆಯ ಅಳತೆಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಬರೆಯುತ್ತಾ ಬಂದಿದ್ದಾರೆ. ಭುಜದ ಅಂಕಿ ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಬದಲಾಗಿಲ್ಲ. ತೋಳು ಅರ್ಧ ಇಂಚು. ಬದಲಾದದ್ದೆಲ್ಲ ಎದೆಯ ಕೆಳಗೆ, ಸೊಂಟದ ಮೇಲೆ. ಎಲ್ಲಿ ಸೇರಿತು ಎನ್ನುವುದನ್ನು ತೂಕದ ಯಂತ್ರಕ್ಕಿಂತ ಅವರ ಪುಸ್ತಕ ಚೆನ್ನಾಗಿ ಹೇಳುತ್ತಿತ್ತು.

ಆ ದಿನಕ್ಕೆ ಸರಿಯಾಗಿ ನಾನು ರಾತ್ರಿಯ ಅನ್ನ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಗಂಟೆ ನಡೆಯುತ್ತಿದ್ದೆ. ಮಳೆಗಾಲದಲ್ಲಿ ಕೊಡೆ ಹಿಡಿದು ನಡೆದಿದ್ದೇನೆ, ಪರೀಕ್ಷೆಯ ದಿನಗಳಲ್ಲಿ ಐದಕ್ಕೇ ಎದ್ದು ನಡೆದಿದ್ದೇನೆ. ಆ ಹದಿನಾಲ್ಕು ತಿಂಗಳುಗಳಲ್ಲಿ ಇಳಿದದ್ದು ಒಂದು ಕಿಲೋ. ಅದೂ ಹಬ್ಬದ ವಾರ ಬಂದರೆ ವಾಪಸು ಬರುತ್ತಿತ್ತು.

ನನಗೆ ನಲವತ್ತೊಂಬತ್ತು ವರ್ಷ. ಎತ್ತರ 158 ಸೆಂಟಿಮೀಟರ್, ಆಗ ತೂಕ 72 ಕಿಲೋ. ಪ್ರೌಢಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಚಂದ ಕಾಣಬೇಕೆಂಬ ಆಸೆಯಿಂದ ತೂಕ ಇಳಿಸಲು ಹೊರಟವಳಲ್ಲ. ಆ ಆಸೆಯಲ್ಲಿ ತಪ್ಪೇನೂ ಇಲ್ಲ, ಆದರೆ ನನ್ನದು ಭಯ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 6.2 ಬಂದಿತ್ತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮನೆಯೊಳಗೆ. ಅಮ್ಮ ಆ ಹೊಸ್ತಿಲನ್ನು ಐವತ್ತೈದಕ್ಕೆ ದಾಟಿದ್ದಳು. ಅವಳ ಬಲಗಾಲಿನ ಹೆಬ್ಬೆರಳಿಗೆ ಹುಣ್ಣಾಗಿ ಏಳು ವಾರ ದಿನವೂ ಬಟ್ಟೆ ಬದಲಿಸಿದವಳು ನಾನು.

ವರದಿ ಹಿಡಿದು ವೈದ್ಯರ ಬಳಿ ಹೋದೆ. ಏನು ತಿನ್ನುತ್ತೀರಿ ಎಂದು ಕೇಳಿದರು. ಹೇಳಿದೆ. ಬೆಳಿಗ್ಗೆ ಎರಡು ಇಡ್ಲಿ ಅಥವಾ ಒಂದು ಬಟ್ಟಲು ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಚಪಾತಿ, ಪಲ್ಯ, ಸ್ವಲ್ಪ ಮೊಸರನ್ನ, ರಾತ್ರಿ ಒಂದು ಚಿಕ್ಕ ಮುದ್ದೆ, ಸೊಪ್ಪಿನ ಸಾರು. ಅವರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ, "ಎಲ್ಲರೂ ಹೀಗೇ ಹೇಳುತ್ತಾರೆ ಮೇಡಂ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದೇ ಹೆಚ್ಚು ನೋವು ಕೊಟ್ಟಿತು. ನಾದಿನಿ ಇನ್ನೂ ನೇರ. "ಗಾಳಿ ಕುಡಿದು ಯಾರೂ ದಪ್ಪಗಾಗುವುದಿಲ್ಲ ಅತ್ತಿಗೆ" ಎಂದಳು, ಪ್ರೀತಿಯಿಂದಲೇ. ಶಾಲೆಯ ಕೊಠಡಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಮೈಸೂರುಪಾಕು ಬಂದು, ನಾನು ಬೇಡವೆಂದಾಗ ಅತ್ತಿತ್ತ ಸುಳಿದ ಕಣ್ಣುಗಳನ್ನೂ ನೋಡಿದ್ದೇನೆ. ಇಲ್ಲಿ ಬೇಡ ಅನ್ನುವವಳು ಮನೆಯಲ್ಲಿ ತಿನ್ನುತ್ತಿರಬೇಕು ಎನ್ನುವ ನೋಟ ಅದು.

ತೂಕ ಇಳಿಯದಿರುವುದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ನನ್ನ ಮಾತನ್ನು ಯಾರೂ ನಂಬದಿರುವುದನ್ನು ತಡೆದುಕೊಳ್ಳಲಾಗಲಿಲ್ಲ. ಮಕ್ಕಳು ಉತ್ತರ ತಪ್ಪು ಬರೆದಾಗ "ಸುಳ್ಳು ಬರೆದಿದ್ದೀಯ" ಎಂದು ನಾನು ಎಂದೂ ಹೇಳಿದವಳಲ್ಲ. ಯಾವ ಮೆಟ್ಟಿಲಲ್ಲಿ ತಪ್ಪಿತು ನೋಡೋಣ ಎನ್ನುತ್ತೇನೆ. ನನಗೆ ಹಾಗೆ ಹೇಳುವವರು ಬೇಕಿತ್ತು. ಯಾರೂ ಸಿಗದಿದ್ದಾಗ ನಾನೇ ಕುಳಿತೆ.

ಬಾಯಾಡಿಸಿದ್ದು ಊಟವಲ್ಲ

ಮೇ ತಿಂಗಳ ರಜೆಯಲ್ಲಿ ಒಂದು ವಾರ, ಬಾಯಿಗೆ ಹೋದದ್ದನ್ನೆಲ್ಲ ಬರೆದಿಡುವುದೆಂದು ತೀರ್ಮಾನಿಸಿದೆ. ಹಿಂದೆಯೂ ಬರೆದಿದ್ದೆ, ಆದರೆ ಊಟವನ್ನು ಮಾತ್ರ. ಈ ಸಲದ ನಿಯಮ ಬೇರೆ. ತಟ್ಟೆಯಲ್ಲಿ ಹಾಕಿಕೊಂಡದ್ದೋ ಅಲ್ಲವೋ ನೋಡುವ ಹಾಗಿಲ್ಲ. ನಾಲಿಗೆಗೆ ತಾಗಿದರೆ ಬರೆಯಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟ ತಕ್ಕಡಿ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್ ಇಟ್ಟುಕೊಂಡೆ.

ಸೋಮವಾರದ ಪುಟ ಈಗಲೂ ನನ್ನ ಬಳಿ ಇದೆ. ಬೆಳಿಗ್ಗೆ ಕಾಫಿ. ಸಾಂಬಾರಿಗೆ ಉಪ್ಪು ನೋಡಲು ಒಂದು ಚಮಚ, ಹುಳಿ ಸಾಲದೆಂದು ಇನ್ನೊಂದು. ಒಗ್ಗರಣೆಗೆ ಹುರಿದ ಗೋಡಂಬಿಯಲ್ಲಿ ಎರಡು ಚೂರು. ಮಗ ಅರ್ಧ ಬಿಟ್ಟೆದ್ದ ದೋಸೆ, ಅದರ ಜೊತೆ ಬಟ್ಟಲಲ್ಲಿ ಉಳಿದ ಚಟ್ನಿ. ತಿಂಡಿ ಮುಗಿಸಿ ಎರಡನೆಯ ಕಾಫಿ. ತೆಂಗಿನಕಾಯಿ ತುರಿಯುವಾಗ ಒಂದು ಚಿಟಿಕೆ, ಆಮೇಲೆ ಇನ್ನೊಂದು. ಮಧ್ಯಾಹ್ನ ಊಟವಾದ ಮೇಲೆ ಪಾತ್ರೆಯ ತಳದಲ್ಲಿದ್ದ ಪಲ್ಯ, ಫ್ರಿಜ್‌ನಲ್ಲಿ ಇಡುವಷ್ಟು ಇರಲಿಲ್ಲ, ಚೆಲ್ಲುವಷ್ಟು ಕಡಿಮೆಯೂ ಇರಲಿಲ್ಲ. ನಾಲ್ಕು ಗಂಟೆಗೆ ಕಾಫಿಯ ಜೊತೆ ಡಬ್ಬಿಯ ತಳದಲ್ಲಿ ಮುರಿದು ಬಿದ್ದಿದ್ದ ಕೋಡುಬಳೆಯ ಚೂರುಗಳು. ಟಿ.ವಿ. ನೋಡುತ್ತಾ ಹುರಿದ ಕಡಲೆಕಾಯಿ ಬೀಜ, ತೂಗಿದರೆ 30 ಗ್ರಾಂ. ರಾತ್ರಿ ಅನ್ನವಿಲ್ಲ. ಆದರೆ ಕುಕ್ಕರ್‌ನಲ್ಲಿ ಉಳಿದ ಎರಡು ಹಿಡಿ ಅನ್ನಕ್ಕೆ ಮೊಸರು ಕಲಸಿ, ನಿಂತೇ ತಿಂದು, ಪಾತ್ರೆಗೆ ನೀರು ಬಿಟ್ಟೆ.

ಆ ಕೊನೆಯ ಸಾಲನ್ನು ಬರೆಯುವಾಗ ಕೈ ತಡೆಯಿತು. ರಾತ್ರಿ ಅನ್ನ ಬಿಟ್ಟಿದ್ದೇನೆ ಎಂದು ಇಷ್ಟು ತಿಂಗಳಿಂದ ಹೇಳುತ್ತಾ ಬಂದದ್ದು ಸುಳ್ಳೆಂದು ನನಗೆ ಒಂದು ಕ್ಷಣವೂ ಅನಿಸಿರಲಿಲ್ಲ. ಏಕೆಂದರೆ ಅದು ಊಟ ಅಲ್ಲ. ನಮ್ಮ ಮಾತಿನಲ್ಲೇ ಆ ಗೆರೆ ಇದೆ. ಊಟ ಎಂದರೆ ಕುಳಿತು ಮಾಡುವುದು, ಬಡಿಸಿಕೊಂಡು ಮಾಡುವುದು. ತಿಂಡಿ ಎಂದರೆ ತಿಂಡಿಯ ಹೊತ್ತಿನದು. ಉಳಿದದ್ದಕ್ಕೆಲ್ಲ ಬಾಯಾಡಿಸುವುದು, ರುಚಿ ನೋಡುವುದು, ಪಾತ್ರೆ ಖಾಲಿ ಮಾಡುವುದು ಎಂದು ಬೇರೆ ಹೆಸರುಗಳು. "ಏನು ತಿಂದೆ?" ಎಂದು ಯಾರಾದರೂ ಕೇಳಿದರೆ ಆ ಹೆಸರುಗಳು ನಾಲಿಗೆಗೆ ಬರುವುದೇ ಇಲ್ಲ. ರುಚಿ ನೋಡಿದ್ದು ಕೆಲಸ, ಪಾತ್ರೆ ಖಾಲಿ ಮಾಡಿದ್ದೂ ಕೆಲಸ. ಕೆಲಸವನ್ನು ಯಾರು ಊಟದ ಲೆಕ್ಕಕ್ಕೆ ಸೇರಿಸುತ್ತಾರೆ?

ಎಣ್ಣೆಯದು ಇನ್ನೊಂದು ಪಾಠ. ನಾವು ನಾಲ್ವರಿಗೆ ತಿಂಗಳಿಗೆ ಎಷ್ಟು ಎಣ್ಣೆ ಬೇಕಾಗುತ್ತದೆ ಎಂದು ಕೇಳಿದ್ದರೆ ಎರಡು ಲೀಟರ್ ಎನ್ನುತ್ತಿದ್ದೆ. ದಿನಸಿಯ ಹಳೆಯ ಚೀಟಿಗಳನ್ನು ಕೂಡಿ ನೋಡಿದರೆ ಮೂರು ಲೀಟರ್ ಆಗುತ್ತಿತ್ತು. ಹತ್ತನೆಯ ತರಗತಿಯ ಮಕ್ಕಳಿಗೆ ಕೊಡುವಷ್ಟು ಸುಲಭದ ಲೆಕ್ಕ ಇದು. ಒಬ್ಬೊಬ್ಬರಿಗೆ ದಿನಕ್ಕೆ 25 ಮಿಲಿಲೀಟರ್, ಅಂದರೆ ಸುಮಾರು 23 ಗ್ರಾಂ, ಗ್ರಾಂಗೆ 9 ಕ್ಯಾಲರಿಯಂತೆ 200ಕ್ಕೂ ಹೆಚ್ಚು. ನಾನು ಕೆರೆಯ ಏರಿಯ ಮೇಲೆ ಒಂದು ಗಂಟೆ ನಡೆದು ಕರಗಿಸುತ್ತಿದ್ದದ್ದೂ ಹೆಚ್ಚು ಕಡಿಮೆ ಅಷ್ಟೇ. ಗಿಂಡಿಯಿಂದ ಬಾಣಲೆಗೆ ಸುರಿಯುವಾಗ ನಮ್ಮ ಅಳತೆ ಕಣ್ಣಳತೆ. ಈರುಳ್ಳಿ ಚೆನ್ನಾಗಿ ಬಾಡುವಷ್ಟು, ಸಾಸಿವೆ ಚಿಟಪಟ ಎನ್ನುವಷ್ಟು. ಅಮ್ಮನ ಕೈಯಿಂದ ನನ್ನ ಕೈಗೆ ಬಂದ ಆ ಅಳತೆ ರುಚಿಯ ಅಳತೆ, ತೂಕದ ಅಳತೆಯಲ್ಲ. (ಅನ್ನ ಬಿಟ್ಟು ಮುದ್ದೆ ಹಿಡಿದವರಿಗೂ ಒಂದು ಮಾತು ಹೇಳಬೇಕು. ರಾಗಿ ಒಳ್ಳೆಯದು, ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ ಇದ್ದರೆ ಅಷ್ಟೇ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಮುದ್ದೆಯ ಮೇಲೆ ತುಪ್ಪ ಒಂದು ಚಮಚ ಬಿದ್ದರೆ ಅದೂ ಹೋಯಿತು.)

ವಾರದ ಕೊನೆಗೆ ಕೂಡಿದೆ. ನಾನು ತಿನ್ನುತ್ತಿದ್ದೇನೆ ಎಂದುಕೊಂಡಿದ್ದದ್ದು ದಿನಕ್ಕೆ 1,300 ಕ್ಯಾಲರಿ. ತಿನ್ನುತ್ತಿದ್ದದ್ದು ಸುಮಾರು 1,900. ನನ್ನ ವಯಸ್ಸು, ಎತ್ತರ, ತೂಕ, ನಡಿಗೆ ಎಲ್ಲ ಹಾಕಿ ಸೂತ್ರದಲ್ಲಿ ಲೆಕ್ಕ ಮಾಡಿದರೆ 72 ಕಿಲೋದಲ್ಲೇ ಇರಲು ಬೇಕಾದದ್ದೂ ಸುಮಾರು 1,900. ದೇಹ ನನಗೆ ಮೋಸ ಮಾಡಿರಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ ಎಂದು ಆಮೇಲೆ ಓದಿ ತಿಳಿದೆ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ದಿನಕ್ಕೆ 1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ಹೇಳುತ್ತಿದ್ದವರನ್ನು ಅದರಲ್ಲಿ ಪರೀಕ್ಷಿಸಿದ್ದರು. ಭಾರದ ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿಸಿದ ನೀರನ್ನು ಕುಡಿಸಿ, ಅದು ಮೂತ್ರದಲ್ಲಿ ಎಷ್ಟು ಬೇಗ ಹೊರಬರುತ್ತದೆ ಎಂದು ಅಳೆದರೆ ದೇಹ ಎಷ್ಟು ಶಕ್ತಿ ಖರ್ಚು ಮಾಡಿತೆಂದು ತಿಳಿಯುತ್ತದೆ. ಅವರ ದೇಹದ ಖರ್ಚಿನಲ್ಲಿ ದೋಷವಿರಲಿಲ್ಲ. ತಿಂದದ್ದನ್ನು ಅವರು ಸರಾಸರಿ 47 ಶೇಕಡ ಕಡಿಮೆ ಹೇಳಿದ್ದರು, ವ್ಯಾಯಾಮವನ್ನು 51 ಶೇಕಡ ಹೆಚ್ಚು ಹೇಳಿದ್ದರು. ಈ ಅಧ್ಯಯನವನ್ನು "ನೋಡಿ, ದಪ್ಪಗಿರುವವರು ಸುಳ್ಳು ಹೇಳುತ್ತಾರೆ" ಎನ್ನುವುದಕ್ಕೆ ಸಾಕ್ಷಿಯಾಗಿ ಬಳಸುವವರಿದ್ದಾರೆ. ನನ್ನ ಸೋಮವಾರದ ಪುಟ ಕೈಯಲ್ಲಿ ಹಿಡಿದು ಅದನ್ನು ಓದಿದ ನನಗೆ ಹಾಗೆ ಕಾಣಲಿಲ್ಲ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ನಮಗೆ ಗೊತ್ತಿರಲಿಲ್ಲ.

ಪಾತ್ರೆಯಲ್ಲೇ ಕಲಸಿದ ಅನ್ನ

ನಿಂತು ತಿಂದು ಪಾತ್ರೆಗೆ ನೀರು ಬಿಡುವುದನ್ನು ನಾನು ಎಲ್ಲಿ ಕಲಿತೆ ಎನ್ನುವುದು ಗೊತ್ತು. ಹೊಳೆನರಸೀಪುರದ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಹನ್ನೊಂದು ಜನ. ಗಂಡಸರ ಊಟ, ಆಮೇಲೆ ಮಕ್ಕಳ ಊಟ, ಆಮೇಲೆ ಅಜ್ಜಿಯದು, ಕೊನೆಗೆ ಅಮ್ಮ. ಅಷ್ಟು ಹೊತ್ತಿಗೆ ಮೂರು ಗಂಟೆ. ಅಮ್ಮ ತಟ್ಟೆ ಹಾಕಿಕೊಳ್ಳುತ್ತಿರಲಿಲ್ಲ. ಅನ್ನದ ತಪ್ಪಲೆಯನ್ನು ಒಲೆಯ ಪಕ್ಕದ ನೆಲದ ಮೇಲಿಟ್ಟುಕೊಂಡು, ಸಾರಿನ ಪಾತ್ರೆಯನ್ನು ಅದಕ್ಕೆ ಬಗ್ಗಿಸಿ, ತಳದ ಬೇಳೆಯನ್ನು ಸೌಟಿನಿಂದ ಕೆರೆದು ಹಾಕಿಕೊಂಡು, ತಪ್ಪಲೆಯಲ್ಲೇ ಕಲಸುತ್ತಿದ್ದಳು. ತಪ್ಪಲೆಯ ಗೋಡೆಗೆ ಅಂಟಿದ ಅಗುಳುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ತಿನ್ನುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದೆ. ಕೈಬಳೆ ಹಿತ್ತಾಳೆಯ ಅಂಚಿಗೆ ತಾಗಿ ಟಿಣ್ ಎನ್ನುತ್ತಿತ್ತು. ಆ ಹೊತ್ತಿನಲ್ಲಿ ಅಪ್ಪ ಜಗಲಿಯಿಂದ "ನಿನ್ನ ಊಟ ಆಯಿತೇನೇ?" ಎಂದು ಕೇಳಿದರೆ, ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಇಲ್ಲ, ಇನ್ನು ಮೇಲೆ" ಎನ್ನುತ್ತಿದ್ದಳು.

ಕೆಲವು ದಿನ ತಪ್ಪಲೆಯಲ್ಲಿ ಎರಡು ತುತ್ತೂ ಇರುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಅಮ್ಮ ನೀರು ಮಜ್ಜಿಗೆ ಕುಡಿದು ಏಳುತ್ತಿದ್ದಳು. ಅದೂ ಯಾರಿಗೂ ಕಾಣಲಿಲ್ಲ. ಎಲ್ಲರ ಕೊನೆಗೆ, ತಟ್ಟೆಯಿಲ್ಲದೆ, ಒಬ್ಬಳೇ ತಿನ್ನುವವಳ ಹೊಟ್ಟೆ ತುಂಬಿತೋ ಇಲ್ಲವೋ ಯಾರು ನೋಡುತ್ತಾರೆ? ಕಡಿಮೆ ತಿಂದ ದಿನ ಯಾರಿಗೂ ಗೊತ್ತಾಗದಂತೆ ಮಾಡಿದ ಆ ವ್ಯವಸ್ಥೆಯೇ ಮುಂದೆ ಹೆಚ್ಚು ತಿಂದ ದಿನವನ್ನೂ ಮುಚ್ಚಿಟ್ಟಿತು, ಸ್ವತಃ ಅವಳಿಂದಲೂ.

ಐವತ್ತೆರಡಕ್ಕೆ ಅಮ್ಮ ಅಣ್ಣನ ಜೊತೆ ಬೆಂಗಳೂರಿಗೆ ಬಂದಳು. ಬಾವಿಯಿಂದ ನೀರು ಸೇದುವುದು ನಿಂತಿತು, ಒರಳು ನಿಂತಿತು, ಕೊಟ್ಟಿಗೆಯ ಕೆಲಸ ನಿಂತಿತು. ತಪ್ಪಲೆ ಕೆರೆಯುವುದು ನಿಲ್ಲಲಿಲ್ಲ. ಈಗ ತಳದಲ್ಲಿ ಉಳಿಯುತ್ತಿದ್ದದ್ದು ಹೆಚ್ಚು. ಮೊಮ್ಮಕ್ಕಳು ಬಿಟ್ಟ ಪೂರಿ, ಅರ್ಧ ಹೋಳಿಗೆ, ಫ್ರಿಜ್‌ನಲ್ಲಿ ನಿನ್ನೆಯ ಚಿತ್ರಾನ್ನ. ಅನ್ನ ಚೆಲ್ಲಬಾರದು ಎನ್ನುವುದು ಅವಳಿಗೆ ದೇವರ ಮಾತಿಗೆ ಸಮ. ಮೂರು ವರ್ಷಗಳಲ್ಲಿ ಸಕ್ಕರೆ ಬಂತು. ಅಂದು ವೈದ್ಯರು "ಬಾಯಿ ಕಟ್ಟಬೇಕಮ್ಮ" ಎಂದು ಗದರಿದಾಗ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದಳು: "ನಾನೇನು ಅಷ್ಟು ತಿನ್ನುತ್ತೇನೇನೇ?" ಇಲ್ಲಮ್ಮ ಎಂದೆ. ಅದನ್ನು ನಂಬಿಯೇ ಹೇಳಿದ್ದೆ. ನನ್ನ ಕಥೆ ಹೇಳಿಕೊಂಡಾಗ ನನ್ನ ಮಾತನ್ನು ಮರುಪ್ರಶ್ನೆ ಇಲ್ಲದೆ ನಂಬಿದವಳೂ ಅವಳೊಬ್ಬಳೇ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ 2004ರಲ್ಲಿ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದ ಫೋಟೋ ನೆನಪಾಗುತ್ತದೆ. ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಅಳತೆ, ನಾವು ಬಿಎಂಐ ಎನ್ನುವುದು, ಇಬ್ಬರಿಗೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ 9.1 ಶೇಕಡ, ಯಾಜ್ಞಿಕ್ ಅವರಲ್ಲಿ 21.2 ಶೇಕಡ. ತೆಳ್ಳಗೆ ಕಾಣುವ ನಮ್ಮವರ ಒಳಗೂ ಕೊಬ್ಬು ಹೆಚ್ಚು ಕೂರುತ್ತದೆ, ಅದೂ ಹೊಟ್ಟೆಯ ಸುತ್ತ. ಅದಕ್ಕಾಗಿಯೇ ಭಾರತೀಯರಿಗೆ 25ರ ಬದಲು 23ಕ್ಕೇ ತೂಕ ಹೆಚ್ಚೆಂದು ಎಚ್ಚರಿಸುತ್ತಾರೆ, ಹೆಂಗಸರ ಸೊಂಟ 80 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ನನ್ನದು ಆಗ 94. ದರ್ಜಿಯ ಪುಸ್ತಕದಲ್ಲಿ ಅದು ಇಂಚಿನಲ್ಲಿತ್ತು, 37.

ಲೆಕ್ಕ ಸರಿಯಾದ ಮೇಲೆ

ತಪ್ಪಿದ ಮೆಟ್ಟಿಲು ಸಿಕ್ಕಿತು, ಇನ್ನು ಉತ್ತರ ತಾನಾಗಿ ಬರುತ್ತದೆ ಎಂದುಕೊಂಡೆ. ಎಣ್ಣೆಗೆ ಅಳತೆಯ ಚಮಚ ತಂದೆ. ರುಚಿ ನೋಡುವ ಕೆಲಸವನ್ನು ಮಗನಿಗೆ ಒಪ್ಪಿಸಿದೆ. ಉಳಿದ ಅನ್ನ ಎಷ್ಟೇ ಇರಲಿ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುವುದು. ಎಲ್ಲರ ಜೊತೆ ಕುಳಿತು, ತಟ್ಟೆ ಹಾಕಿಕೊಂಡು, ಒಮ್ಮೆ ಬಡಿಸಿಕೊಂಡು ತಿನ್ನುವುದು. ದಿನಕ್ಕೆ ಸುಮಾರು 1,450 ಕ್ಯಾಲರಿ. ಐದು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು. 68.

ಆಮೇಲೆ ನಿಂತಿತು. ಅದೇ ಊಟ, ಅದೇ ನಡಿಗೆ, ಅದೇ ಬರಹ. ಒಂದು ತಿಂಗಳು, ಎರಡು ತಿಂಗಳು, 68. ಮೂರನೆಯ ತಿಂಗಳಲ್ಲಿ 69.5. ತಿಂದದ್ದನ್ನು ಬರೆದಿಟ್ಟ ಪುಸ್ತಕ ತೆಗೆದು ನೋಡಿದರೆ ಈಗ ತಪ್ಪು ಇರಲಿಲ್ಲ, ಅಥವಾ ಇದ್ದರೂ ಬಹಳ ಸಣ್ಣದಿತ್ತು.

ಅದಕ್ಕಿಂತ ಕಷ್ಟವಾದದ್ದು ಹಸಿವು. ಹಸಿವೆಂದರೆ ನನಗೆ ಗೊತ್ತು ಎಂದುಕೊಂಡಿದ್ದೆ. ಇದು ಬೇರೆ. ಮಧ್ಯಾಹ್ನ ಮೂರೂವರೆಯ ತರಗತಿಯಲ್ಲಿ ತ್ರಿಕೋನದ ಪ್ರಮೇಯ ಬರೆಯುತ್ತಾ ನಿಂತಾಗ ಬೆರಳಲ್ಲಿ ಸೀಮೆಸುಣ್ಣ ಸಣ್ಣಗೆ ನಡುಗುತ್ತಿತ್ತು. ಹೊಟ್ಟೆಯಲ್ಲಿ ಖಾಲಿ ಅನಿಸುತ್ತಿರಲಿಲ್ಲ, ಮನಸ್ಸಿನಲ್ಲಿ ಊಟ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಶಾಲೆಯ ಹೊರಗೆ ಗಾಡಿಯಲ್ಲಿ ಹುರಿಯುವ ಕಡಲೆಕಾಯಿಯ ವಾಸನೆ ಎರಡನೆಯ ಮಹಡಿಯವರೆಗೆ ಬರುತ್ತದೆಂದು ಇಪ್ಪತ್ತನಾಲ್ಕು ವರ್ಷಗಳಲ್ಲಿ ನನಗೆ ಗೊತ್ತೇ ಆಗಿರಲಿಲ್ಲ.

ಕಾರಣ ಹುಡುಕಿಕೊಂಡು ಓದಿದ್ದರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ ಲೆಕ್ಕ ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ಒಂದು ಕಿಲೋ ಇಳಿದರೆ ದೇಹ ದಿನಕ್ಕೆ ಇಪ್ಪತ್ತು ಮೂವತ್ತು ಕ್ಯಾಲರಿ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಏರುತ್ತದೆ. ನಾಲ್ಕು ಕಿಲೋ ಇಳಿಸಿದ ನನ್ನ ಒಳಗೆ ದಿನವೂ 400 ಕ್ಯಾಲರಿಯ ಬೇಡಿಕೆ ಕೂಗುತ್ತಿತ್ತು. 2016ರಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದೆ. ಅಲ್ಲಿನ ಟಿ.ವಿ. ಕಾರ್ಯಕ್ರಮವೊಂದರ ತೂಕ ಇಳಿಸುವ ಸ್ಪರ್ಧೆಯಲ್ಲಿ ಭಾಗವಹಿಸಿದ ಹದಿನಾಲ್ಕು ಜನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಬಹುತೇಕರ ತೂಕ ಮರಳಿ ಬಂದಿತ್ತು, ಆದರೂ ವಿಶ್ರಾಂತಿಯಲ್ಲಿ ಅವರ ದೇಹ ಖರ್ಚು ಮಾಡುವುದು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯೇ ಇತ್ತು. ಮಳೆ ಕೈಕೊಟ್ಟ ವರ್ಷವನ್ನು ದಾಟಲು ಕಲಿತ ದೇಹ ಇದು. ನಾನು ಬೇಕೆಂದೇ ಬಿಟ್ಟೆನೋ, ಊರಲ್ಲಿ ಬೆಳೆ ಹೋಯಿತೋ ಅದಕ್ಕೆ ಹೇಗೆ ತಿಳಿಯಬೇಕು?

ವಯಸ್ಸಾದ ಹಾಗೆ ದೇಹದ ಉರಿ ಕಡಿಮೆಯಾಗುತ್ತದೆ, ಅದಕ್ಕೇ ಎಂದು ಹಲವರು ಸಮಾಧಾನ ಹೇಳಿದರು. ನಾನೂ ನಂಬಿದ್ದೆ. ಆದರೆ 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು, ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ, ಆ ಭಾರದ ನೀರಿನ ವಿಧಾನದಲ್ಲೇ ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ದೇಹದ ಗಾತ್ರ, ಮಾಂಸಖಂಡಗಳ ಪ್ರಮಾಣ ಹೊಂದಿಸಿ ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಖರ್ಚು ಬದಲಾಗುವುದಿಲ್ಲ. ಇಳಿಯುವುದು ಅರವತ್ತರ ನಂತರ, ಅದೂ ವರ್ಷಕ್ಕೆ ಸುಮಾರು 0.7 ಶೇಕಡ. ಮುಟ್ಟು ನಿಲ್ಲುವ ಕಾಲದಲ್ಲೂ ಅಲ್ಲಿ ಕುಸಿತ ಕಾಣಲಿಲ್ಲ. ಹಾಗೆಂದು ಈ ವಯಸ್ಸಿನಲ್ಲಿ ಏನೂ ಆಗುವುದಿಲ್ಲ ಎಂದಲ್ಲ. ಈಸ್ಟ್ರೋಜನ್ ಎನ್ನುವ ಹೆಣ್ಣಿನ ಹಾರ್ಮೋನು ಇಳಿದಂತೆ ಮೊದಲು ತೊಡೆ, ಪೃಷ್ಠಗಳಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಸರಿಯುತ್ತದೆ. ದರ್ಜಿಯ ಪುಸ್ತಕ ಹೇಳಿದ್ದು ಅದನ್ನೇ. ಮಾಂಸಖಂಡ ಸದ್ದಿಲ್ಲದೆ ಕರಗುತ್ತದೆ. ನಡುರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾಗಿ, ಮತ್ತೆ ನಿದ್ದೆ ಬಾರದೆ ಫ್ಯಾನ್ ನೋಡುತ್ತಾ ಮಲಗಿದ ಮರುದಿನ ಸಿಹಿ ಬೇಡುವ ನಾಲಿಗೆಯನ್ನು ಹಿಡಿಯುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೆ ಗೊತ್ತು. ಇದನ್ನೆಲ್ಲ ಯಾವ ವೈದ್ಯರೂ ನನ್ನನ್ನು ಕೇಳಲಿಲ್ಲ. ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು, ಅದು ಸರಿಯಾಗಿತ್ತು, ಅಲ್ಲಿಗೆ ಮಾತು ಮುಗಿಯಿತು. ನಲವತ್ತೈದು ದಾಟಿದ ಹೆಂಗಸು ಎದುರು ಕುಳಿತಾಗ ಮುಟ್ಟಿನ ಬಗ್ಗೆ, ನಿದ್ದೆಯ ಬಗ್ಗೆ, ಮನೆಯಲ್ಲಿ ಅಡುಗೆ ಮಾಡುವವರು ಯಾರು, ಕೊನೆಗೆ ಊಟ ಮಾಡುವವರು ಯಾರು ಎನ್ನುವುದರ ಬಗ್ಗೆ ಎರಡು ಪ್ರಶ್ನೆ ಕೇಳಬೇಕು. ಇದನ್ನು ನಾನು ಬೇಡಿಕೆಯಾಗಿಯೇ ಬರೆಯುತ್ತಿದ್ದೇನೆ.

69.5ರಲ್ಲಿ ನಿಂತ ಆ ತಿಂಗಳುಗಳಲ್ಲಿ ಎಲ್ಲವನ್ನೂ ಬಿಟ್ಟುಬಿಡುವ ಯೋಚನೆ ಬಂದಿತ್ತು. ಬಿಡದಂತೆ ಹಿಡಿದದ್ದು 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನ. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ನನ್ನ ಹಾಗೆ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿದರು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ 55 ಶೇಕಡ ಜನಕ್ಕೆ ಮಧುಮೇಹ ಬಂತು. ಊಟ ತಿದ್ದಿಕೊಂಡು ನಡೆದಾಡಿದವರಲ್ಲಿ ಅದು 39.3 ಶೇಕಡಕ್ಕೆ ಇಳಿಯಿತು. ನಾನು ಎರಡು ಸಲ ಓದಿದ ಸಾಲು ಮುಂದಿನದು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ತೂಕ ಇಳಿಯದೆಯೂ ನಡಿಗೆ ತನ್ನ ಕೆಲಸ ಮಾಡಿತ್ತು. ಹಾಗಾದರೆ ನನ್ನ ಹದಿನಾಲ್ಕು ತಿಂಗಳ ಕೆರೆ ಏರಿಯ ನಡಿಗೆ ನೀರಿನಲ್ಲಿ ಹೋಮ ಮಾಡಿದ್ದಲ್ಲ.

ಈಗ ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನ ಬೇರೆ ಅಭ್ಯಾಸ ಸೇರಿಸಿಕೊಂಡಿದ್ದೇನೆ. ನಮ್ಮ ಶಾಲೆಯ ದೈಹಿಕ ಶಿಕ್ಷಕಿ ಹೇಳಿಕೊಟ್ಟದ್ದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಐದು ಕಿಲೋ ಅಕ್ಕಿಯ ಚೀಲವನ್ನು ಎದೆಗೆ ಅಪ್ಪಿ ಹಿಡಿದು ಮೆಟ್ಟಿಲು ಹತ್ತುವುದು. ಮೊದಲ ದಿನ ಕುರ್ಚಿಯಿಂದ ಎಂಟು ಸಲ ಎದ್ದಿದ್ದೆ. ಈಗ ಮೂವತ್ತು. ಬೇಳೆ, ಮೊಳಕೆಕಾಳು, ಮೊಸರು ಹೆಚ್ಚಿಸಿದ ಮೇಲೆ ಮೂರೂವರೆಯ ಹಸಿವು ಸ್ವಲ್ಪ ತಗ್ಗಿದೆ, ಹೋಗಿಲ್ಲ. ಕಳೆದ ಸಲದ ಎಚ್‌ಬಿಎ1ಸಿ 5.8. ಸೊಂಟ 89. ತೂಕ 69 ಮತ್ತು 70ರ ನಡುವೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಮೊದಲೆಲ್ಲ ನಂದಿಯವರೆಗೆ ಹೋಗುವುದರೊಳಗೆ ಆರೇಳು ಕಡೆ ಕೂರುತ್ತಿದ್ದೆ. ಆಷಾಢದಲ್ಲಿ ಎರಡು ಕಡೆ ಕುಳಿತೆ.

ದಸರೆಗೆ ಅಮ್ಮ ಬಂದು ಹದಿನೈದು ದಿನ ಇದ್ದಳು. ಅವಳಿಗೀಗ ಎಪ್ಪತ್ತಾರು. ಮೊದಲ ರಾತ್ರಿ ಎಲ್ಲರ ಜೊತೆ ತಟ್ಟೆ ಹಾಕಿ ಕೂರಿಸಿದೆ. ಎರಡು ತುತ್ತು ತಿಂದು, "ನಿಮ್ಮದೆಲ್ಲ ಆಗಲಿ, ನಾನು ಆಮೇಲೆ" ಎಂದು ಎದ್ದಳು. ಬಲವಂತ ಮಾಡಲಿಲ್ಲ. ಹತ್ತೂವರೆಗೆ ದೀಪ ಆರಿಸಿ ಮಲಗಿದ ಮೇಲೆ ಅಡುಗೆಮನೆಯಿಂದ ಸದ್ದು ಬಂತು. ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು, ಅದರ ನಡುವೆ ಬಳೆಯದು. ಎದ್ದು ಹೋದೆ. ಕಟ್ಟೆಗೆ ಒರಗಿ ನಿಂತು ಕುಕ್ಕರಿನ ಪಾತ್ರೆಯಲ್ಲೇ ಅನ್ನ ಕಲಸುತ್ತಿದ್ದಳು. ನನ್ನನ್ನು ನೋಡಿ ಕೈ ತಡೆದು, "ಇಷ್ಟೇ ಉಳಿದಿತ್ತು" ಎಂದಳು.

ನಾನು ಒಂದು ತಟ್ಟೆ ತಂದು ಪಾತ್ರೆಯಲ್ಲಿದ್ದುದನ್ನು ಅದಕ್ಕೆ ಹಾಕಿದೆ. ತಟ್ಟೆಯಲ್ಲಿ ನೋಡಿದರೆ ಅದು ಒಂದು ಹೊತ್ತಿನ ಊಟದಷ್ಟೇ ಇತ್ತು. ಅಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. "ತಟ್ಟೆ ಯಾಕೇ, ಮತ್ತೆ ತೊಳೆಯುವ ಕೆಲಸ" ಎಂದಳು. ನಾನು ತೊಳೆಯುತ್ತೇನೆ ಕೂತುಕೋ ಎಂದು ಕುರ್ಚಿ ಎಳೆದೆ. ಅವಳು ಕುಳಿತಳು. ಎದುರಿಗೆ ನಾನೂ ಕುಳಿತೆ. ಅರ್ಧ ತಿಂದು, ಸಾಕು ಎಂದು, ಉಳಿದದ್ದನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಮುಖ ನೋಡಿದಳು. ಬೆಳಿಗ್ಗೆ ಹಕ್ಕಿಗಳಿಗೆ ಹಾಕೋಣ ಎಂದೆ. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟೆವು.